ಬಲಗೆನ್ನೆಯ ಹತ್ತಿ

ನನ್ನ ಮೇಜಿನ ಮೇಲೆ ಎರಡು ಮಾನಿಟರ್‌ಗಳಿವೆ. ಬಲಗಡೆಯದು ಸರಕಾರ ಹಟ ಹಿಡಿದು ಕೊಳ್ಳಿಸಿದ್ದು, ಎಡಗಡೆಯದು ನಾನು ಹಟ ಹಿಡಿದು ಉಳಿಸಿಕೊಂಡದ್ದು. ಹೊಸದರ ಚುಕ್ಕೆಗಳು ಎಷ್ಟು ಸಣ್ಣವೆಂದರೆ ಅಕ್ಷರಗಳು ಸಾಸಿವೆ ಕಾಳಿನಂತೆ ಕಾಣುತ್ತವೆ. ಓದಬೇಕಾದರೆ ಎಲ್ಲವನ್ನೂ ಹಿಗ್ಗಿಸಿಕೊಳ್ಳಬೇಕು. ಹಳೆಯದಕ್ಕೆ ಆ ಗೊಡವೆಯಿಲ್ಲ. ಹೀಗಾಗಿ ನಮ್ಮ ‘ಚಿತ್ರಲೇಪ’ ಸಾಫ್ಟ್‌ವೇರಿನ ವಿಂಡೋವನ್ನು ಒಂದರಿಂದ ಇನ್ನೊಂದಕ್ಕೆ ಎಳೆದರೆ ಸಾಕು, ಬಟನ್‌ಗಳು ಒಮ್ಮೆ ಅಂಗೈಯಷ್ಟು ಆಗುತ್ತವೆ, ಒಮ್ಮೆ ಕಣ್ಣಿಗೇ ಬೀಳುವುದಿಲ್ಲ. ಗದಗಿನ ಪೇಟೆಯಲ್ಲಿ ಫೋಟೋ ಸ್ಟುಡಿಯೋ ನಡೆಸುವ ಈ ಮೌನೇಶ ಚಿತ್ರಗಾರ ತನ್ನ ಗೋಳನ್ನು ಯಾರ ಮುಂದೆ ಹೇಳಿಕೊಂಡರೂ ಜನ ನಗುತ್ತಿದ್ದರು. “ಕನ್ನಡಕಾ ಬದಲಿಸ್ರಿ ಮೌನೇಶಣ್ಣಾರ” ಎನ್ನುತ್ತಿದ್ದರು. ಈಗ ಯಾರೂ ನಗುವುದಿಲ್ಲ.

ಮುಖಚೀಟಿ ಬಂದ ಮೇಲೆ ಹುಟ್ಟಿದವರಿಗೆ ಇದೆಲ್ಲ ಸಹಜ. ನನ್ನ ವಯಸ್ಸಿನವರಿಗೆ ಮಾತ್ರ ಬಾಗಿಲುಗಳಿಗೆ ಕಣ್ಣಿಲ್ಲದ ಕಾಲ ನೆನಪಿದೆ. ಈಗ ಬಸ್ಸು, ಬ್ಯಾಂಕು, ರೇಷನ್ ಅಂಗಡಿ, ಆಸ್ಪತ್ರೆ ಎಲ್ಲವೂ ಮುಖ ನೋಡಿಯೇ ತೆರೆಯುತ್ತವೆ. ಕಾರ್ಡು, ಸಹಿ, ಹೆಬ್ಬೆಟ್ಟು ಎಲ್ಲ ಹೋದವು. ಹತ್ತು ವರ್ಷಕ್ಕೊಮ್ಮೆ ಒಂದು ಫೋಟೋ ಕೊಡಬೇಕು, ಅದೇ ನಿಮ್ಮ ಮೂಲಮುಖ. ಮೊದಮೊದಲು ಸರಕಾರವೇ ತನ್ನ ಕ್ಯಾಮೆರಾಗಳಿಂದ ಫೋಟೋ ತೆಗೆಯಲು ಹೋಗಿ ನಮ್ಮ ಕಡೆಯ ಬಿಸಿಲಿಗೆ ಕಂದಿದ ಮುಖಗಳನ್ನೆಲ್ಲ ಮಸಿ ಮಾಡಿಟ್ಟಿತು. ಆಮೇಲೆ ಬುದ್ಧಿ ಬಂದು, ಬೆಳಕು ಗೊತ್ತಿದ್ದ ಸ್ಟುಡಿಯೋದವರಿಗೆ ಲೈಸೆನ್ಸ್ ಕೊಟ್ಟಿತು. ಕಟ್ಟುನಿಟ್ಟೇನೂ ಕಡಿಮೆಯಿರಲಿಲ್ಲ. ಮೊಡವೆ ಅಳಿಸುವಂತಿಲ್ಲ, ಮೂಗು ತಿದ್ದುವಂತಿಲ್ಲ, ಮೈಬಣ್ಣ ಮಾತ್ರ ಸರಿಪಡಿಸಬಹುದು. ಒಳಗೊಳಗೇ ಯಾರೂ ಕೈಚಳಕ ಮಾಡಬಾರದೆಂದು ‘ಕಂಡದ್ದಕ್ಕೇ ಮುದ್ರೆ’ ಎಂಬ ನಿಯಮ ತಂದರು. ಅಂದರೆ ಕ್ಯಾಮೆರಾದಲ್ಲಿದ್ದ ಫೋಟೋ ಹೋಗುವುದಿಲ್ಲ. ಮುದ್ರೆ ಒತ್ತಿದ ಕ್ಷಣ ಪರದೆಯ ಮೇಲೆ ಹೇಗೆ ಕಾಣುತ್ತಿದೆಯೋ ಹಾಗೆಯೇ ಹೋಗುತ್ತದೆ.

ನನ್ನ ಮಗಳು ಚೈತ್ರಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅಳಿಯ ಶರಣು ಕಪ್ಪತಗುಡ್ಡದ ಗಾಳಿಯಂತ್ರಗಳ ರಿಪೇರಿ ಮಾಡುವವನು, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಬಂದ ಮೇಲೆ ನೋಡಿದರೆ ಚೈತ್ರಾಳ ಮುಖಚೀಟಿಯ ಅವಧಿ ಮುಗಿಯುತ್ತ ಬಂದಿದೆ.

“ನಮ್ಮಪ್ಪನ ಸ್ಟುಡಿಯೋ ಇರೂವಾಗ ಬ್ಯಾರೆ ಕಡೆ ಯಾಕ ಹೋಗ್ಲಿ?” ಎಂದು ಸ್ಟೂಲಿನ ಮೇಲೆ ಕೂತಳು. ತುಂಬಿದ ಬಸುರಿ, ಮುಖದ ತುಂಬ ಕಳೆ. ಎರಡು ಕಡೆ ದೀಪ ಇಟ್ಟು ಒಂದೇ ಕ್ಲಿಕ್ಕಿಗೆ ತೆಗೆದೆ.

ಬಣ್ಣದ ವಿಷಯದಲ್ಲಿ ನಾನು ಹೊಸ ಮಾನಿಟರನ್ನು ನಂಬುವವನಲ್ಲ. ಅದರಲ್ಲಿ ಎಲ್ಲರೂ ಮದುವೆ ಮನೆಯಿಂದ ಎದ್ದು ಬಂದವರಂತೆ ಹೊಳೆಯುತ್ತಾರೆ. ಹಳೆಯದು ಸುಳ್ಳು ಹೇಳುವುದಿಲ್ಲ. ಬೇರೆ ಗಿರಾಕಿಗಳಿಗಾದರೆ ಒಂದು ಅಂದಾಜಿನ ಮೇಲೆ ಬಣ್ಣ ಹೊಂದಿಸಿ ಮುದ್ರೆ ಒತ್ತುತ್ತಿದ್ದೆ. ಮಗಳದ್ದಲ್ಲವೇ? ಫೋಟೋವನ್ನು ಎರಡೂ ಪರದೆಗಳ ನಡುವೆ ಎಳೆದು ಅರ್ಧ ಮುಖ ಇಲ್ಲಿ, ಅರ್ಧ ಮುಖ ಅಲ್ಲಿ ಇಟ್ಟುಕೊಂಡು, ಎರಡೂ ಕಡೆ ಮೈಬಣ್ಣ ಒಂದೇ ಆಗುವ ತನಕ ಬಿಡಲಿಲ್ಲ. ಹೆಂಡತಿ ಕಸ್ತೂರಿ ಊಟಕ್ಕೆ ಕರೆದು ಕರೆದು ಸಾಕಾಗಿ ಬೈದಳು. ಬಣ್ಣ ಹದಕ್ಕೆ ಬಂದಿತು. ವಿಂಡೋವನ್ನು ಪಕ್ಕಕ್ಕೆ ಸರಿಸದೆ, ಇದ್ದಲ್ಲಿಯೇ ಮುದ್ರೆ ಒತ್ತಿ ಊಟಕ್ಕೆ ಎದ್ದೆ.

ದಿನ ತುಂಬುವ ಮೊದಲೇ ಚೈತ್ರಾಳಿಗೆ ನೋವು ಬಂದು ಹೆಣ್ಣು ಕೂಸು ಹುಟ್ಟಿತು. ನನ್ನ ಅಂಗೈಯಿಂದ ಮೊಣಕೈಯ ತನಕವೂ ಇರಲಿಲ್ಲ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. “ಪೆಟಗಿ ಕಾವಿಗಿಂತ ತಾಯಿ ಎದಿ ಕಾವು ಬೇಕ್ರಿ ಇದಕ್ಕ. ದಿನಾ ತಾಸುಗಟ್ಲೆ ಎದಿಗೆ ಹಾಕ್ಕೊಂಡು ಮಲಗ್ಬೇಕು, ಅಂದ್ರ ತೂಕಾ ಏರತೈತಿ” ಎಂದು ಡಾಕ್ಟರು ಹೇಳಿದರು. ಚೈತ್ರಾ ಹಾಗೆಯೇ ಮಾಡಿದಳು, ಕೂಸು ಚೇತರಿಸಿಕೊಳ್ಳುತ್ತಿತ್ತು. ಆಮೇಲೆ ತಾಯಿಗೆ ಡಿಸ್ಚಾರ್ಜ್ ಮಾಡಿ, ದಿನಾ ಬಂದು ಹೋಗಿರಿ ಎಂದರು. ಅದೇ ರಾತ್ರಿ ಹಳೆಯ ಮುಖಚೀಟಿ ಮುಗಿದು ಹೊಸದು ಜಾರಿಗೆ ಬಂತು.

ಮರುದಿನ ಬೆಳಿಗ್ಗೆ ಸಿಟಿ ಬಸ್ಸು ಅವಳನ್ನು ಹತ್ತಿಸಿಕೊಂಡಿತು, ಆಸ್ಪತ್ರೆಯ ದೊಡ್ಡ ಬಾಗಿಲೂ ತೆರೆಯಿತು. ಶಿಶುವಾರ್ಡಿನ ಬಾಗಿಲು ಮಾತ್ರ ತೆರೆಯಲಿಲ್ಲ.

“ಮುಖ ತಾಳೆಯಾಗಿಲ್ಲ. ದಯವಿಟ್ಟು ಹಿಂದೆ ಸರಿಯಿರಿ.”

ಬಸ್ಸಿನ ಯಂತ್ರಕ್ಕೆ ಅಂದಾಜು ಸಾಕು, ಹೆಚ್ಚುಕಡಿಮೆ ನೀವೇ ಆಗಿದ್ದರೆ ಬಿಡುತ್ತದೆ. ಶಿಶುವಾರ್ಡಿಗೆ ಹಾಗಲ್ಲ. ಹಿಂದೆ ಎಲ್ಲೆಲ್ಲೋ ಕೂಸುಗಳ ಕಳ್ಳತನವಾಗಿದ್ದರಿಂದ ಅಲ್ಲಿಯ ಯಂತ್ರ ಕೂದಲೆಳೆಯಷ್ಟೂ ಬಿಡುವುದಿಲ್ಲ. ಚೈತ್ರಾ ಸೆರಗಿನಿಂದ ಮುಖ ಒರೆಸಿಕೊಂಡು ನಿಂತಳು, ಕೂದಲು ಹಿಂದೆ ಕಟ್ಟಿ ನಿಂತಳು, ಕಿವಿಯೋಲೆ ತೆಗೆದು ನಿಂತಳು. ಅದು ಅದೇ ಮಾತು ಹೇಳಿತು.

ಗಾಜಿನ ಆಚೆಯಿಂದ ರೆಬೆಕ್ಕಾ ಸಿಸ್ಟರ್ ಓಡಿ ಬಂದರು. “ಈಕಿನ ತಾಯಿ ಅಂತ ನನಗ ಗೊತ್ತೈತ್ರಿ. ನಿನ್ನೆ ನಾನ ಕೈ ಹಿಡಿದು ಹೊರಗ ಕಳಿಸೇನಿ. ಆದ್ರ ಈ ಬಾಗಲಾ ನನ್ನ ಮಾತ ಕೇಳಂಗಿಲ್ರಿ!”

“ನಿಮ್ಮ ಬೆನ್ನಿಗೆ ಬಂದ್ರ?” ಎಂದು ಮಗಳ ಜೊತೆಗೆ ಬಂದಿದ್ದ ನಾನು ಕೇಳಿದೆ.

“ಒಬ್ಬರ ಜೋಡಿ ಇನ್ನೊಬ್ಬರು ಹೊಕ್ರ ಎರಡೂ ಬಾಗಲಾ ಮುಚ್ಚಿ ಪೊಲೀಸರಿಗೆ ಫೋನ್ ಹೋಗತೈತ್ರಿ. ಕೂಸನ್ನ ಹೊರಗ ತರಾಕೂ ಬರಂಗಿಲ್ಲ, ಈ ಹವಾ ಅದಕ್ಕ ತಡಿಯಂಗಿಲ್ಲ.”

ಚೈತ್ರಾ ಹಾಲು ಹಿಂಡಿ ಬಾಟಲಿಯಲ್ಲಿ ಕೊಟ್ಟಳು. ಸಿಸ್ಟರ್ ಒಳಗೆ ಒಯ್ದರು. ನನ್ನ ಮಗಳು ಗಾಜಿಗೆ ಹಣೆ ಹಚ್ಚಿ ನಿಂತೇ ಇದ್ದಳು.

ನೆಟ್ಟಗೆ ಮುಖಚಾವಡಿಗೆ ಹೋದೆವು. ಜಿಲ್ಲೆಯ ಮುಖಗಳನ್ನೆಲ್ಲ ಕಾಯುವ ಕಚೇರಿ ಅದು. ಒಳಗೆ ಗೋಡೆಯುದ್ದಕ್ಕೂ ಪರದೆಗಳು, ಯಾವ ಬಾಗಿಲಲ್ಲಿ ಯಾರು ಹಾಯುತ್ತಿದ್ದಾರೆಂದು ತೋರಿಸುತ್ತಲೇ ಇರುತ್ತವೆ. ಅಲ್ಲಿಯ ಆಪರೇಟರ್ ಶೈಲಜಾ ಹಂಪಣ್ಣವರ ಎಂಬ ಹೆಣ್ಣುಮಗಳು, ಕುರ್ಚಿ ಕೊಟ್ಟು ಕೂಡಿಸಿ ಎಲ್ಲವನ್ನೂ ಕೇಳಿದರು.

“ಅವಧಿ ಮುಗಿಯೂದರೊಳಗ ಫೋಟೋ ಮತ್ತೊಮ್ಮೆ ತಗಸಬೇಕಂದ್ರ, ಹೊಸಾ ಮುಖ ಈಗಿನ ಮೂಲಮುಖಕ್ಕ ಕೂಡಿ, ಈಕಿ ಚೈತ್ರಾನ ಅಂತ ಯಂತ್ರ ಒಪ್ಪಬೇಕ್ರಿ” ಎಂದರು.

“ಯಂತ್ರ ಒಪ್ಪವಲ್ದು ಅಂತನ ಫೋಟೋ ತಗಸಾಕ ಬಂದೇವ್ರಿ!”

“ತಿಳೀತ್ರಿ. ಆದ್ರ ನಿಯಮಾ ಹಂಗೈತಿ.”

“ನಾ ಹಡದಪ್ಪ ಅದೀನಿ. ಈಕಿ ನನ್ನ ಮಗಳು ಅಂತ ಬರದು ಕೊಡ್ತೀನಿ, ಸಾಲದೇನ್ರಿ?”

“ಹೆತ್ತವರ ಮಾತು ಸಾಕ್ಷಿಗೆ ಹಿಡಿಯಂಗಿಲ್ರಿ ಈಗ” ಎಂದು ಅವರು ತಲೆ ತಗ್ಗಿಸಿದರು. ನನಗೆ ಮೈಯೆಲ್ಲ ಉರಿಯಿತು. ಏನೇನೋ ಅಂದುಬಿಟ್ಟೆ. ಕೊನೆಗೆ ಅವರು ಅತ್ತಿತ್ತ ನೋಡಿ ತಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬಾಗಿಲಲ್ಲಿ ನಿಂತಿದ್ದ ಚೈತ್ರಾಳ ಮುಖ, ಅದರ ಮೇಲೆ ಮೂಲಮುಖದ ಗೆರೆಗಳು. ಕಣ್ಣು, ಮೂಗು, ಗದ್ದ ಎಲ್ಲ ಕೂಡಿದ್ದವು. ಚಿತ್ರದ ಎಡಭಾಗದ ಕೆನ್ನೆಯಲ್ಲಿ ಮಾತ್ರ ಗೆರೆ ಒಂದು ಅಕ್ಕಿಕಾಳಿನಷ್ಟು ಹೊರಗಿತ್ತು.

ಚಿತ್ರದ ಎಡಭಾಗ. ನನ್ನ ಹಳೆಯ ಮಾನಿಟರ್ ಇರುವುದೂ ಎಡಗಡೆಗೇ. ಆ ದಿನ ವಿಂಡೋವನ್ನು ಎರಡರ ನಡುವೆ ಬಿಟ್ಟೇ ಮುದ್ರೆ ಒತ್ತಿದ್ದೆ.

ಸ್ಟುಡಿಯೋಕ್ಕೆ ಬಂದು ಶಟರ್ ಅರ್ಧಕ್ಕೆ ಎಳೆದುಕೊಂಡು ಕೂತೆ. ಚೌಕಳಿ ಹಾಳೆಯ ಫೋಟೋ ತೆಗೆದು, ಎರಡೂ ಪರದೆಗಳ ನಡುವೆ ಇಟ್ಟು ಮುದ್ರೆ ಒತ್ತಿದೆ. ಪರೀಕ್ಷೆಯ ಮುದ್ರೆ ಅದು, ಎಲ್ಲಿಗೂ ಹೋಗುವುದಿಲ್ಲ. ಬಂದ ಚಿತ್ರಕ್ಕೆ ಸ್ಕೇಲ್ ಹಿಡಿದೆ. ಬಲಗಡೆಯ ಚೌಕಗಳು ಸರಿಯಾಗಿದ್ದವು, ಎಡಗಡೆಯವು ತುಸು ಅಗಲ. ವಿಂಡೋದ ಹೆಚ್ಚಿನ ಪಾಲು ಯಾವ ಪರದೆಯಲ್ಲಿದೆಯೋ ಆ ಪರದೆಯ ಅಳತೆಯನ್ನು ಚಿತ್ರಲೇಪ ಹಿಡಿಯುತ್ತದೆ. ಉಳಿದ ಪಾಲನ್ನು ಇನ್ನೊಂದು ಪರದೆಗೆ ಹೊಂದುವಂತೆ ಗುಣಿಸಿ ತೋರಿಸುತ್ತದೆ. ಹಾಗೆ ಗುಣಿಸುವಾಗ ಚಿಲ್ಲರೆಯನ್ನು ಪೂರ್ಣಕ್ಕೆ ಏರಿಸಿಬಿಡುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವಂತಿದ್ದರೆ ನಾನು ಬಿಡುತ್ತಿದ್ದೆನೇ? ಆ ಸೊಟ್ಟ ಮುಖವನ್ನೇ ‘ಕಂಡದ್ದಕ್ಕೇ ಮುದ್ರೆ’ ನಿಯಮದಂತೆ ಯಂತ್ರ ನಿಜವೆಂದು ಒಪ್ಪಿಕೊಂಡಿದೆ.

ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದೆ. ಯಾವುದೋ ಯಂತ್ರದ ದನಿ ನನ್ನ ಸಿಟ್ಟನ್ನೆಲ್ಲ ತಾಳ್ಮೆಯಿಂದ ಕೇಳಿ, “ಎರಡೂ ಪರದೆಗಳ ಹಿಗ್ಗಿಸುವಿಕೆಯನ್ನು ಒಂದೇ ಅಳತೆಗೆ ತನ್ನಿ. ಸಾಫ್ಟ್‌ವೇರಿನ ಹೊಂದಾಣಿಕೆ ಪುಟದಲ್ಲಿ, ಅಳತೆಯನ್ನು ಸಾಫ್ಟ್‌ವೇರೇ ನಿರ್ಧರಿಸಲಿ ಎಂಬಲ್ಲಿ ಗುರುತು ಹಾಕಿ. ಮುಚ್ಚಿ ಮತ್ತೆ ತೆರೆಯಿರಿ” ಎಂದಿತು. ಮಾಡಿದೆ. ಚೌಕಳಿ ಹಾಳೆಯನ್ನು ಮತ್ತೆ ನಡುವೆ ಇಟ್ಟೆ. ಎಲ್ಲ ಚೌಕಗಳೂ ಸರಿಯಾಗಿ ಬಂದವು, ಬಟನ್‌ಗಳೂ ಕುಣಿಯುವುದನ್ನು ಬಿಟ್ಟವು. ಇಷ್ಟು ದಿನ ಹಲ್ಲು ಕಡಿದುಕೊಂಡು ಸಹಿಸಿದ್ದ ಕಾಟ ಒಂದು ಗುರುತಿನಿಂದ ಹೋಯಿತು. ಇನ್ನು ಗದಗಿನ ಯಾವ ಮುಖವೂ ನನ್ನ ಕೈಯಲ್ಲಿ ಕೆಡುವುದಿಲ್ಲ. ನನ್ನ ಮಗಳ ಮುಖ ಮಾತ್ರ ಕೆಟ್ಟದ್ದು ಕೆಟ್ಟುಹೋಯಿತು. ಕೀಬೋರ್ಡ್ ಎತ್ತಿ ಗೋಡೆಗೆ ಬಡಿದೆ.

ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣುತ್ತಿರಲಿಲ್ಲ. ದಿನಾ ಆಸ್ಪತ್ರೆಯಿಂದ ಕೂಸಿನ ತೂಕದ ಸುದ್ದಿ ಬರುತ್ತಿತ್ತು. ಏರುತ್ತಿದ್ದದ್ದು ನಿಂತಿತು, ಆಮೇಲೆ ಇಳಿಯತೊಡಗಿತು. ಶರಣು ರಜೆ ಹಾಕಿ ಬಂದ. ಆ ವಾರ್ಡಿಗೆ ತಾಯಿಯ ಹೊರತು ಯಾರನ್ನೂ ಬಿಡುವುದಿಲ್ಲವಾದ್ದರಿಂದ ಅವನೂ ಹೆಂಡತಿಯ ಪಕ್ಕ ಗಾಜಿನ ಈಚೆ ನಿಂತ.

ದೇವರ ಮುಂದೆ ಬತ್ತಿ ಹೊಸೆಯುತ್ತ ಕೂತಿದ್ದ ಕಸ್ತೂರಿ ಒಂದು ಸಂಜೆ ಕೇಳಿದಳು: “ಏನ್ರೀ, ಗಲ್ಲ ಒಂದು ಅಕ್ಕಿಕಾಳಿನಷ್ಟ ಅಗಲ ಇರಬೇಕಲ್ಲ, ಅಷ್ಟ ಹೌದಲ್ಲೋ?”

“ಹೌದು. ಏನೀಗ?”

“ನಾ ಹಲ್ಲ ಕೀಳಿಸಿದಾಗ ಬಾಯಾಗ ಹತ್ತಿ ಇಟ್ಟಿದ್ರು. ಮೋತಿ ಎಷ್ಟ ಊದಿತ್ತು!”

“ಏ ಹುಚ್ಚಿ, ಯಂತ್ರಕ್ಕ ಹತ್ತಿ ತೋರಸ್ತಿ ಏನು?” ಎಂದು ಗದರಿದೆ. ಚೈತ್ರಾ ಆಗಲೇ ಎದ್ದು ಬಂದು ತಾಯಿಯ ಮುಂದೆ ಬಾಯಿ ತೆರೆದು ಕೂತಿದ್ದಳು.

ಮರುದಿನ ಎಡಗೆನ್ನೆಯಲ್ಲಿ ಹತ್ತಿ ಇಟ್ಟುಕೊಂಡು ಬಾಗಿಲ ಮುಂದೆ ನಿಂತಳು. ತೆರೆಯಲಿಲ್ಲ. ಇನ್ನಷ್ಟು ಹತ್ತಿ ತುರುಕಿದಳು, ಆಗಲೂ ಇಲ್ಲ. ಅವಳು ಅಲ್ಲಿಯೇ ನೆಲಕ್ಕೆ ಕುಸಿದು ಅತ್ತಳು. ಆಗ ನನ್ನ ದಡ್ಡ ತಲೆಗೆ ಹೊಳೆಯಿತು. ಫೋಟೋದ ಎಡಭಾಗ ಅಂದರೆ ಎದುರಿಗೆ ಕೂತವರ ಬಲಗೆನ್ನೆ! ಮೂವತ್ತು ವರ್ಷ ಜನರನ್ನು ಎದುರಿಗೆ ಕೂಡಿಸಿಕೊಂಡು ಫೋಟೋ ತೆಗೆದ ಮನುಷ್ಯ ಇದನ್ನು ಮರೆತಿದ್ದೆ.

“ಚೈತ್ರಿ, ಬಲಕ್ಕ ಇಡು ಅವ್ವಾ, ಬಲಕ್ಕ!”

ಹತ್ತಿಯನ್ನು ಬಲಕ್ಕೆ ಬದಲಿಸಿ, ನಾಲಿಗೆಯಿಂದ ಒತ್ತಿ, ಸ್ವಲ್ಪ ತೆಗೆದು, ಮತ್ತೆ ಒತ್ತಿ ಹದ ಮಾಡಿದಳು. ದೀಪ ಹಸಿರಾಯಿತು. “ಸ್ವಾಗತ, ಚೈತ್ರಾ ಶರಣು ಬಡಿಗೇರ” ಎಂದು ಬಾಗಿಲು ತೆರೆದುಕೊಂಡಿತು. ರೆಬೆಕ್ಕಾ ಸಿಸ್ಟರ್ ಒಳಗಿನಿಂದ ಚಪ್ಪಾಳೆ ತಟ್ಟಿದರು. ನಾವು ಹೊರಗೆ ನಿಂತವರು ಕಳ್ಳತನ ಮಾಡಿದವರಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು.

ಕೂಸು ಮತ್ತೆ ತೂಕ ಹಿಡಿಯಿತು. ದಿನಾ ಬೆಳಿಗ್ಗೆ ಕಸ್ತೂರಿ ಹತ್ತಿಯನ್ನು ಕುದಿಸಿ ಆರಿಸಿ, ಉಂಡೆ ಕಟ್ಟಿ ಡಬ್ಬಿಯಲ್ಲಿ ಹಾಕಿ ಕೊಡುತ್ತಿದ್ದಳು. ವಾರ್ಡಿನ ಒಳಗೂ ಕ್ಯಾಮೆರಾ ಇದ್ದುದರಿಂದ ಅಲ್ಲಿದ್ದಷ್ಟು ಹೊತ್ತು ಚೈತ್ರಾ ಹತ್ತಿ ತೆಗೆಯುವಂತಿರಲಿಲ್ಲ. ಕೂಸಿಗೆ ಜೋಗುಳ ಹಾಡುವಂತಿಲ್ಲ, ಮುದ್ದು ಕೊಡುವಂತಿಲ್ಲ, ಬಾಯಿ ತುಂಬ ಮಾತಾಡುವಂತಿಲ್ಲ. ಸಂಜೆ ಮನೆಗೆ ಬಂದು ಹತ್ತಿ ಉಗುಳಿ, ಒಣಗಿದ ಬಾಯಿಗೆ ಮಜ್ಜಿಗೆ ಕುಡಿಯುತ್ತಿದ್ದಳು. ಕೆನ್ನೆಯ ಒಳಗೆಲ್ಲ ಹುಣ್ಣಾಗಿತ್ತು. “ಉರೀತೈತೇನವ್ವಾ?” ಎಂದರೆ, “ಕೂಸು ಇವತ್ತ ನನ್ನ ಬಟ್ಟು ಹಿಡೀತು ಅಪ್ಪಾ” ಎನ್ನುತ್ತಿದ್ದಳು.

ನನಗೆ ಗೊತ್ತಿರದ ಇನ್ನೊಂದು ಸಂಗತಿಯಿತ್ತು. ಮನುಷ್ಯರ ಮುಖ ದಿನದಿನಕ್ಕೆ ತುಸುತುಸು ಮಾಗುತ್ತದಲ್ಲ, ಅದಕ್ಕೆ ಹೊಂದಿಕೊಳ್ಳಲೆಂದು ಬಾಗಿಲುಗಳೂ ದಿನದಿನಕ್ಕೆ ಕಲಿಯುತ್ತವೆ. ಬಿಗಿ ಬಾಗಿಲು ದಾಟಿದ ಮುಖವನ್ನು ಸಡಿಲ ಬಾಗಿಲುಗಳೂ ನಂಬುತ್ತವೆ. ಹತ್ತಿಯಿಟ್ಟ ಮುಖ ಶಿಶುವಾರ್ಡನ್ನು ದಿನವೂ ದಾಟುತ್ತಿತ್ತು. ಹೀಗಾಗಿ ಹತ್ತಿಯಿಲ್ಲದ ಚೈತ್ರಾಳನ್ನು ಮೊದಲು ರೇಷನ್ ಅಂಗಡಿ ಹೊರಗೆ ನಿಲ್ಲಿಸಿತು, ಆಮೇಲೆ ಬ್ಯಾಂಕು, ಕೊನೆಗೆ ಬಸ್ಸು. ಮನೆಯ ಹೊಸ್ತಿಲು ದಾಟಬೇಕೆಂದರೆ ಬಾಯಿಗೆ ಹತ್ತಿ ಬರಲೇಬೇಕಾಯಿತು.

ಕೂಸನ್ನು ಮನೆಗೆ ಒಯ್ಯಬಹುದೆಂದು ಡಾಕ್ಟರು ಹೇಳಿದ ದಿನ ಅದಕ್ಕೆ ಶಿಶುಚೀಟಿ ಮಾಡಿದರು. ಕೂಸಿನ ಮುಖ ತಿಂಗಳಿಗೊಂದು ಆಗುವುದರಿಂದ ಐದು ವರ್ಷ ತುಂಬುವ ತನಕ ಅದಕ್ಕೆ ತಾಯಿಯ ಮುಖವೇ ಗುರುತು. ಚೈತ್ರಾ ಹತ್ತಿ ಇಟ್ಟುಕೊಂಡೇ ಕೂಸನ್ನೆತ್ತಿ ಯಂತ್ರದ ಮುಂದೆ ನಿಂತಳು. ನನಗೆ ಅದೇನು ದೊಡ್ಡದೆನಿಸಲಿಲ್ಲ. ಮೊಮ್ಮಗಳು ಮನೆಗೆ ಬಂದ ಖುಷಿಯಲ್ಲಿ ಓಣಿಗೆಲ್ಲ ಪೇಢೆ ಹಂಚಿದೆ.

ಆಮೇಲೆ ಒಂದು ದಿನ ಶೈಲಜಾ ಮೇಡಮ್ಮರ ಫೋನ್ ಬಂತು. “ಚಿತ್ರಗಾರ ಅವ್ರ, ಖುಷಿ ಸುದ್ದಿ ಐತ್ರಿ! ನಿಮ್ಮಂಗ ಎರಡು ಪರದೆ ಇಟ್ಟವರ ಕಡೆ ಭಾಳ ಮಂದಿ ಮುಖ ಕೆಟ್ಟಾವಂತ. ತಿದ್ದಾಕ ಆದೇಶ ಬಂದೈತಿ. ಮಗಳನ್ನ ಕರಕೊಂಡು ಬರ್ರಿ.”

ಕೂಸನ್ನು ಕಸ್ತೂರಿಯ ಮಡಿಲಿಗೆ ಹಾಕಿ ನಾನೂ ಚೈತ್ರಾಳೂ ಓಡಿದೆವು. ಶೈಲಜಾ ನಗುನಗುತ್ತ ಕುರ್ಚಿ ಕೊಟ್ಟು, ಚೈತ್ರಾಳ ಹೆಸರು ಒತ್ತಿದರು. ನಗು ಅಲ್ಲಿಗೇ ನಿಂತಿತು.

“ಶಿಶುಚೀಟಿ ಮಾಡಿಸೀರೇನ್ರಿ ಆಗಲೇ?”

“ಹೂಂನ್ರಿ. ಯಾಕ?”

ಅವರು ಪರದೆಯನ್ನು ಓದಿ, ಮತ್ತೊಮ್ಮೆ ಓದಿ ಹೇಳಿದರು. ತಿದ್ದಬೇಕಾದರೆ ಮೊದಲು ಈಗಿನ ಮುಖವನ್ನು ಅಳಿಸಬೇಕು. ಹೊಸ ಮುಖವನ್ನು ಎಲ್ಲ ಬಾಗಿಲುಗಳೂ ಕಲಿಯುವ ತನಕ ಚೈತ್ರಾ ಎಂಬವಳು ದಾಖಲೆಯಲ್ಲಿ ಇರುವುದಿಲ್ಲ. ಅವಳಿಲ್ಲದಿದ್ದರೆ ಕೂಸಿಗೆ ತಾಯಿಯಿಲ್ಲ. ತಾಯಿಯಿಲ್ಲದ ಕೂಸನ್ನು ಸರಕಾರದ ಶಿಶುಗೃಹಕ್ಕೆ ಒಯ್ಯುತ್ತಾರೆ.

“ತಂದಿ ಅದಾನಲ್ರಿ! ಶರಣು ಅದಾನ!”

“ಶಿಶುಚೀಟಿಯೊಳಗ ತಂದಿ ಮುಖ ಇರಂಗಿಲ್ರಿ.”

“ಎಷ್ಟ ದಿನದ ಮಾತು?”

“ಹೇಳಾಕ ಬರಂಗಿಲ್ರಿ. ಆರು ತಿಂಗಳಂತಾರ, ಒಬ್ಬೊಬ್ಬರದು ವರ್ಷಾನೂ ಆಗೈತಿ.” ಅವರ ಕಣ್ಣಲ್ಲಿ ನೀರಾಡಿತು. “ನನ್ನ ಕೈಯಾಗ ಏನೂ ಇಲ್ರಿ. ಹೂಂ ಅನ್ನೂದು, ಉಹೂಂ ಅನ್ನೂದು, ಇಷ್ಟ ಒತ್ತಾಕ ಬರತೈತಿ. ಇವತ್ತ ಉಹೂಂ ಅಂದ್ರ ಈ ಆದೇಶ ನಿಮಗ ಮತ್ತ ಸಿಗಂಗಿಲ್ಲ.”

“ಹೂಂ ಅನ್ರಿ!” ಎಂದು ನಾನು ಎದ್ದು ನಿಂತೆ. “ನನ್ನ ಮಗಳು ಜೀವಮಾನ ಪೂರ್ತಿ ಬಾಯಾಗ ಹತ್ತಿ ಇಟ್ಕೊಂಡು ತಿರಗಬೇಕೇನು? ನಾ ಕೆಡಿಸಿದ ಮುಖ, ನಾನ ಸುದ್ದ ಮಾಡಸ್ತೀನಿ. ಕೂಸನ್ನ ಒಯ್ಯಾಕ ಬರಲಿ, ಯಾವ ಮಗಾ ಬರ್ತಾನ ನೋಡ್ತೀನಿ!”

ಚೈತ್ರಾ ನನ್ನ ತೋಳು ಹಿಡಿದು ಎಳೆದಳು. ಏನೋ ಹೇಳಲು ಹೋದಳು, ಹತ್ತಿಯಲ್ಲಿ ಮಾತು ಸಿಕ್ಕಿಕೊಂಡಿತು. ಬೆರಳು ಹಾಕಿ ಹತ್ತಿಯನ್ನು ಹೊರತೆಗೆದಳು. ಎಷ್ಟೋ ದಿನಗಳ ಮೇಲೆ ಮನೆಯ ಹೊರಗೆ ಅವಳ ಮುಖ ಅವಳದಾಗಿ ಕಂಡಿತು.

“ನಿನ್ನ ಸಮಾಧಾನಕ್ಕ ನನ್ನ ಕೂಸನ್ನ ಕೊಡ್ಲೇನಪ್ಪಾ?” ಎಂದಳು.

ಅಷ್ಟರಲ್ಲಿ ಗೋಡೆಯ ಪರದೆಗಳೆಲ್ಲ ಕೆಂಪಾದವು. ಗಂಟೆ ಕಿವಿಗಡಚಿಕ್ಕುವಂತೆ ಬಾರಿಸಿತು. “ಚಾವಡಿಯಲ್ಲಿ ಅಪರಿಚಿತ ವ್ಯಕ್ತಿ. ಚಾವಡಿಯಲ್ಲಿ ಅಪರಿಚಿತ ವ್ಯಕ್ತಿ.” ಗೋಡೆಯ ತುಂಬ, ದೊಡ್ಡದಾಗಿ, ನನ್ನ ಮಗಳ ಮುಖ. ಹುಟ್ಟಿದಾಗಿನಿಂದ ನಾನು ನೋಡಿದ ಮುಖ, ನನ್ನವ್ವನ ಮೂಗು, ಕಸ್ತೂರಿಯ ತುಟಿ. ಬಾಗಿಲ ಹತ್ತಿರದ ಪೊಲೀಸ ಲಾಠಿ ಹಿಡಿದು ಓಡಿ ಬಂದ. ಶೈಲಜಾ ಎರಡೂ ಕೈ ಎತ್ತಿ ಅವನನ್ನು ತಡೆಯುತ್ತ, “ಇಡ್ರಿ, ಲಗೂನ ಇಡ್ರಿ!” ಎಂದು ಕೂಗಿದರು.

ಚೈತ್ರಾ ಒದ್ದೆ ಹತ್ತಿಯನ್ನು ಮತ್ತೆ ಬಾಯೊಳಗೆ ಇಟ್ಟುಕೊಂಡು, ನಾಲಿಗೆಯಿಂದ ಬಲಗೆನ್ನೆಗೆ ಒತ್ತಿ, ಕ್ಯಾಮೆರಾದ ಕಡೆ ತಿರುಗಿ ಅಲ್ಲಾಡದೆ ನಿಂತಳು. ಗಂಟೆ ಇನ್ನೂ ಬಾರಿಸುತ್ತಿತ್ತು. ಪೊಲೀಸ ಅವಳ ರಟ್ಟೆಗೆ ಕೈ ಹಾಕಿದ್ದ. ತುಸು ಎಡಕ್ಕೆ, ತುಸು ಮೇಲಕ್ಕೆ ಒತ್ತಿದಳು.

“ಸ್ವಾಗತ, ಚೈತ್ರಾ ಶರಣು ಬಡಿಗೇರ.”

ಗಂಟೆ ನಿಂತಿತು. ಶೈಲಜಾ ಏನನ್ನೂ ಕೇಳದೆ ‘ಉಹೂಂ’ ಒತ್ತಿದರು. ಗೋಡೆಯ ಪರದೆಗಳೆಲ್ಲ ಹಸಿರಾದವು. ಆ ಹಸಿರು ಕಂಡು, ದೇವರಾಣೆ ಹೇಳುತ್ತೇನೆ, ನನಗೆ ಜೀವ ಬಂದಂತಾಯಿತು.